ಹಾರ್ಟ್‌ಬ್ರೇಕರ್ ಕಲಿತದ್ದು

ಐವತ್ತು ಹತ್ತಿರವಾಗುತ್ತಿದ್ದಂತೆ ಹಾಡುವ ಹೆಂಗಸರ ಕಂಠ ಸಾಮಾನ್ಯವಾಗಿ ಕೆಳಗಿಳಿಯುತ್ತದೆ. ನಮ್ಮ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ, ಮಾತಾಡುವವರು ಮಾತ್ರ ಕಡಿಮೆ. ಐದೂವರೆ ಮನೆ ಶ್ರುತಿಯಲ್ಲಿ ಸಲೀಸಾಗಿ ಹಾಡುತ್ತಿದ್ದ ನಾನು ನಾಲ್ಕೂವರೆಗೆ ಬಂದಿದ್ದೇನೆ. ತಾರಸ್ಥಾಯಿಯ ಗಾಂಧಾರ ಕರೆದಾಗಲೆಲ್ಲ ಬರುವುದಿಲ್ಲ. ಆದರೆ ಮೂವತ್ತರ ವಯಸ್ಸಿನಲ್ಲಿ ಇರದಿದ್ದ ಒಂದು ಗಾತ್ರ ಮಂದ್ರದಲ್ಲಿ, ಅಂದರೆ ಕೆಳಗಿನ ಸ್ಥಾಯಿಯಲ್ಲಿ, ಬಂದಿದೆ. ಅಲ್ಲಿ ಒಂದು ಸಾಲು ಹೇಳಿದರೆ ಈಗ ಅದಕ್ಕೆ ತೂಕವಿರುತ್ತದೆ. ಇಂಥ ಕಂಠಕ್ಕೆ ಯಾವ ಹಾಡು ಒಪ್ಪುತ್ತದೆ, ಅದಕ್ಕೆಂದೇ ಹೊಸದಾಗಿ ಏನು ಕಟ್ಟಬಹುದು ಎಂದು ಕೂತು ಯೋಚಿಸುವ ಸಂಯೋಜಕರು ಅಪರೂಪ. ಹೆಚ್ಚಿನವರು ಹಳೆಯ ಹಾಡನ್ನು ಹಳೆಯ ಸ್ಕೇಲಿನಲ್ಲೇ ಕೇಳುತ್ತಾರೆ, ಆಗದಿದ್ದರೆ ಬೇರೆ ಹುಡುಗಿಯನ್ನು ಕರೆಯುತ್ತಾರೆ. 1982ರಲ್ಲಿ ಡಿಯಾನ್ ವಾರ್ವಿಕ್ ಎಂಬ ಅಮೆರಿಕದ ಗಾಯಕಿಗಾಗಿ ಬೀ ಜೀಸ್ ತಂಡದ ಮೂವರು ಅಣ್ಣತಮ್ಮಂದಿರು ಹಾಗೆ ಕೂತು ಯೋಚಿಸಿದ್ದರು. ಆಗ ಹುಟ್ಟಿದ ‘ಹಾರ್ಟ್‌ಬ್ರೇಕರ್’ ಹಾಡನ್ನು ಕಲಿತು ವೇದಿಕೆಯಲ್ಲಿ ಹಾಡುವವರೆಗೆ ನನಗೆ ಆದ ಅನುಭವವನ್ನು ಬರೆಯುತ್ತಿದ್ದೇನೆ.

ಮೊದಲು ನನ್ನ ಹಿನ್ನೆಲೆ. ಬೆಂಗಳೂರಿನಲ್ಲಿದ್ದಾಗ ಸುಗಮ ಸಂಗೀತದ ಕಾರ್ಯಕ್ರಮಗಳ ಜೊತೆಗೆ ಸ್ಟುಡಿಯೋಗಳಲ್ಲಿ ಟ್ರ್ಯಾಕ್ ಹಾಡುತ್ತಿದ್ದೆ. ಮುಖ್ಯ ಗಾಯಕಿಯ ಡೇಟ್ ಸಿಗುವವರೆಗೆ ಹಾಡನ್ನು ನಮ್ಮಂಥವರ ಕಂಠದಲ್ಲಿ ಹಾಡಿಸಿ ಇಟ್ಟುಕೊಳ್ಳುತ್ತಾರೆ. ಅವರು ಬಂದು ಹೆಡ್‌ಫೋನಿನಲ್ಲಿ ಅದನ್ನು ಕೇಳಿಕೊಂಡು ತಮ್ಮದನ್ನು ಹಾಡುತ್ತಾರೆ, ಆಮೇಲೆ ನಮ್ಮದು ಹೋಗುತ್ತದೆ. ಆ ಕೆಲಸ ನನಗೆ ಕಲಿಸಿದಷ್ಟನ್ನು ಯಾವ ತರಗತಿಯೂ ಕಲಿಸಲಿಲ್ಲ. ಯಾವ ಸಂಗತಿ ಹಾಡಿನದು, ಯಾವುದು ಹಾಡುವವರದು ಎಂದು ಕಿವಿ ಬೇರ್ಪಡಿಸುವುದನ್ನು ಅಲ್ಲಿ ಕಲಿತೆ. ಮುಂದೆ ಮನೆಯವರ ಉದ್ಯೋಗದ ಸಲುವಾಗಿ ನ್ಯೂಜೆರ್ಸಿಗೆ ಬಂದೆವು. ನವೆಂಬರ್ ಬಂದರೆ ರಾಜ್ಯೋತ್ಸವಕ್ಕೆ ಭಾವಗೀತೆ, ಯುಗಾದಿಗೊಂದು ಕಾರ್ಯಕ್ರಮ; ಅದು ಬಿಟ್ಟರೆ ಊರಿನ ಒಂದು ವೃಂದಗಾನ ತಂಡಕ್ಕೆ ಸೇರಿಕೊಂಡೆ. ಆ ತಂಡದಲ್ಲಿ ಅರ್ಧದಷ್ಟು ಜನ ಚರ್ಚಿನಲ್ಲಿ ಹಾಡುತ್ತಲೇ ಬೆಳೆದ ಕಪ್ಪು ಅಮೆರಿಕನ್ನರು. ನಮ್ಮ ನಿರ್ದೇಶಕಿಯೂ ಅಷ್ಟೇ. ಅವರು ಪಿಯಾನೋ ಮುಂದೆ ಕೂತು ಎಡಗೈಯಲ್ಲಿ ಬರೀ ಎರಡು ಸ್ವರ ಒತ್ತಿದರೂ ಕೋಣೆಯಲ್ಲಿದ್ದ ಅಷ್ಟೂ ಜನ ನೆಟ್ಟಗೆ ಕೂರುತ್ತಿದ್ದರು.

ಒಂದು ಸಂಜೆಯ ಪೂರ್ತಿ ಕಾರ್ಯಕ್ರಮ ಡಿಯಾನ್ ವಾರ್ವಿಕ್ ಹಾಡುಗಳದೇ ಆಗಲಿ ಎಂದು ನಿರ್ಧರಿಸಿದವರು ಅವರೇ. ಈ ನಾಡಿನಲ್ಲಿ ಅದಕ್ಕೆ ಕಾರಣ ಹೇಳಬೇಕಾಗಿಲ್ಲ. ಡಿಯಾನ್ ಹುಟ್ಟಿದ್ದು 1940ರ ಡಿಸೆಂಬರ್ 12ರಂದು, ಬೆಳೆದದ್ದು ಇಲ್ಲಿನ ಈಸ್ಟ್ ಆರೆಂಜಿನಲ್ಲಿ. ನಮ್ಮ ಜನ ದಿನಸಿಗೆ, ದೋಸೆಗೆ, ಸೀರೆಗೆ ಹೋಗುವ ಎಡಿಸನ್‌ನ ಓಕ್ ಟ್ರೀ ರೋಡಿನಿಂದ ಗಾರ್ಡನ್ ಸ್ಟೇಟ್ ಪಾರ್ಕ್‌ವೇ ಹಿಡಿದು ಉತ್ತರಕ್ಕೆ ಹೋದರೆ ಆ ಊರು ಸಿಗುತ್ತದೆ. ಪಕ್ಕದ ನೂಅರ್ಕ್‌ನ ನ್ಯೂ ಹೋಪ್ ಬ್ಯಾಪ್ಟಿಸ್ಟ್ ಚರ್ಚು ಅವರ ಮನೆತನದ ಸಂಗೀತಶಾಲೆ. ತಾಯಿಯ ಕಡೆಯವರೆಲ್ಲ ಸೇರಿ ಡ್ರಿಂಕರ್ಡ್ ಸಿಂಗರ್ಸ್ ಎಂಬ ಗಾಸ್ಪೆಲ್ ತಂಡ, ಅಂದರೆ ಚರ್ಚಿನ ಭಕ್ತಿಗೀತೆಗಳ ತಂಡ, ಕಟ್ಟಿದ್ದರು. ಚಿಕ್ಕಮ್ಮ ಸಿಸ್ಸಿ ಹ್ಯೂಸ್ಟನ್ ಅದರಲ್ಲಿದ್ದರು. ಅವರ ಮಗಳೇ ಹೆಸರಾಂತ ಗಾಯಕಿ ವಿಟ್ನಿ ಹ್ಯೂಸ್ಟನ್. 2012ರಲ್ಲಿ ವಿಟ್ನಿಯ ಅಂತ್ಯಕ್ರಿಯೆಯ ಪ್ರಾರ್ಥನೆ ನಡೆದದ್ದೂ ಅದೇ ಚರ್ಚಿನಲ್ಲಿ. ನಮ್ಮ ತಂಡದ ಹಿರಿಯರಲ್ಲಿ ಕೆಲವರಿಗೆ ಡಿಯಾನ್ ಅಂದರೆ ಟಿವಿಯಲ್ಲಿ ಕಂಡ ತಾರೆಯಲ್ಲ, ಪಕ್ಕದ ಬೀದಿಯವರ ಮಗಳು.

ಹಾಡುಗಳನ್ನು ಹಂಚುವಾಗ ಪೈಪೋಟಿ ಇದ್ದದ್ದು 60ರ ದಶಕದವಕ್ಕೆ. ಬರ್ಟ್ ಬ್ಯಾಕರ್ಯಾಕ್ ರಾಗ ಹಾಕಿ ಹಾಲ್ ಡೇವಿಡ್ ಸಾಹಿತ್ಯ ಬರೆದ ಹಾಡುಗಳು ಅವು. ಹಿನ್ನೆಲೆ ಗಾಯಕಿಯಾಗಿ ಸ್ಟುಡಿಯೋಗೆ ಬಂದಿದ್ದ ಡಿಯಾನ್ ಕಂಠ ಬ್ಯಾಕರ್ಯಾಕ್ ಕಿವಿಗೆ ಬಿದ್ದು, 1962ರಲ್ಲಿ ‘ಡೋಂಟ್ ಮೇಕ್ ಮಿ ಓವರ್’ ಬಂತು. ಅವರ ಮನೆತನದ ಹೆಸರು ವಾರಿಕ್ ಎಂದಿದ್ದದ್ದು ಆ ರೆಕಾರ್ಡಿನ ಲೇಬಲ್ ಮೇಲೆ ವಾರ್ವಿಕ್ ಎಂದು ತಪ್ಪಾಗಿ ಅಚ್ಚಾಯಿತು, ಅದೇ ಉಳಿಯಿತು. ಆಮೇಲೆ ‘ವಾಕ್ ಆನ್ ಬೈ’, ‘ಐ ಸೇ ಎ ಲಿಟಲ್ ಪ್ರೇಯರ್’, ‘ಡು ಯು ನೋ ದ ವೇ ಟು ಸ್ಯಾನ್ ಹೋಸೆ’ ಸಾಲುಸಾಲಾಗಿ ಬಂದವು. ಅವೆಲ್ಲ ಅವರವರ ಪಾಲಾದ ಮೇಲೆ ನನ್ನ ಪಾಲಿಗೆ ಬಂದದ್ದು 1982ರ ‘ಹಾರ್ಟ್‌ಬ್ರೇಕರ್’.

“ಅದು ರೇಡಿಯೋ ಹಾಡು, ನಿಮಗೆ ಕಷ್ಟವಾಗಲ್ಲ ಬಿಡಿ,” ಎಂದರು ಪಕ್ಕದಲ್ಲಿ ಕೂರುತ್ತಿದ್ದ ಆಲ್ಟೊ (ಹೆಂಗಸರ ಕೆಳದನಿಯ) ಗಾಯಕಿ. ಸಮಾಧಾನ ಹೇಳುವ ದನಿ. ತಂಡದ ಹಲವರಿಗೆ ಆ ಹಾಡಿನ ಬಗ್ಗೆ ಇದ್ದ ಭಾವನೆ ಅದೇ: ಬ್ಯಾಕರ್ಯಾಕ್ ಕಾಲ ಕಲೆಯದು, ಬೀ ಜೀಸ್ ಕಾಲ ವ್ಯಾಪಾರದ್ದು. ನಿರ್ದೇಶಕಿ ಮಾತ್ರ, “ಮೊದಲು ಕೇಳಿ. ಹಾಡಬೇಡಿ, ಬರೀ ಕೇಳಿ. ಅವರು ಎಲ್ಲಿ ಉಸಿರು ತಗೋತಾರೆ ಅಂತ ಬರೆದುಕೊಂಡು ಬನ್ನಿ,” ಎಂದು ಕಳಿಸಿದರು.

ಕೇಳುವ ಮುಂಚೆ ಅವರ ಕಥೆಯನ್ನು ಓದಿಕೊಂಡೆ. ಟ್ರ್ಯಾಕ್ ಹಾಡುತ್ತಿದ್ದ ಕಾಲದಿಂದ ಬಂದ ಅಭ್ಯಾಸ ಅದು, ಹಾಡು ಯಾವ ಹೊತ್ತಿನಲ್ಲಿ ಯಾರಿಗಾಗಿ ಹುಟ್ಟಿತು ಎಂದು ತಿಳಿಯದೆ ನನಗೆ ಭಾವ ಹಿಡಿಯುವುದು ಕಷ್ಟ. 70ರ ದಶಕ ಡಿಯಾನ್ ಅವರಿಗೆ ಕಷ್ಟದ ದಶಕ. ಹೊಸ ರೆಕಾರ್ಡ್ ಕಂಪನಿಯ ಜೊತೆ ದೊಡ್ಡ ಕರಾರು ಮಾಡಿಕೊಂಡರು, ಬ್ಯಾಕರ್ಯಾಕ್ ಮತ್ತು ಡೇವಿಡ್ ಹಾಡು ಕೊಡುತ್ತಾರೆಂಬ ನಂಬಿಕೆಯ ಮೇಲೆ. ಅಷ್ಟರಲ್ಲಿ 1973ರ ಒಂದು ಸಂಗೀತ ಪ್ರಧಾನ ಸಿನಿಮಾದ ಸೋಲಿನ ನಂತರ ಆ ಇಬ್ಬರೂ ಬೇರೆಯಾದರು. ಸುಮಾರು ಹತ್ತು ವರ್ಷ ತನ್ನ ಕಂಠದ ಅಳತೆ ತೆಗೆದುಕೊಂಡು ಹಾಡು ಹೊಲಿದು ಕೊಡುತ್ತಿದ್ದ ದರ್ಜಿಗಳು ಏಕಾಏಕಿ ಅಂಗಡಿ ಮುಚ್ಚಿದಂತಾಯಿತು. ಡಿಯಾನ್ ಕೋರ್ಟಿಗೆ ಹೋದರು. ವ್ಯಾಜ್ಯ ಕೋರ್ಟಿನ ಹೊರಗೆ ಇತ್ಯರ್ಥವಾಗುವ ಹೊತ್ತಿಗೆ ದಶಕವೇ ಮುಗಿಯುತ್ತ ಬಂದಿತ್ತು. ನಡುವೆ 1974ರಲ್ಲಿ ಸ್ಪಿನ್ನರ್ಸ್ ತಂಡದ ಜೊತೆ ಹಾಡಿದ ‘ದೆನ್ ಕೇಮ್ ಯು’ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಅಷ್ಟೊಂದು ಹಿಟ್‌ಗಳನ್ನು ಕೊಟ್ಟಿದ್ದವರಿಗೆ ಅದೇ ಮೊದಲ ನಂಬರ್ ಒನ್ ಎಂದರೆ ಆಶ್ಚರ್ಯ. 1979ರಲ್ಲಿ ಕ್ಲೈವ್ ಡೇವಿಸ್ ಅವರ ಅರಿಸ್ಟಾ ಕಂಪನಿ ಸೇರಿದ ಮೇಲೆ ಒಮ್ಮೆ ಚೇತರಿಕೆ ಬಂತು, ಎರಡು ಗ್ರಾಮಿ ಪ್ರಶಸ್ತಿಗಳೂ ಬಂದವು. ಅದರ ನಂತರದ ಆಲ್ಬಂಗಳು ಮತ್ತೆ ಮಂಕಾದವು.

ಇನ್ನೊಂದು ಕಡೆ ಬೀ ಜೀಸ್ ತಂಡದ ಗಿಬ್ ಸೋದರರು: ಬ್ಯಾರಿ, ಮತ್ತು ಅವಳಿಗಳಾದ ರಾಬಿನ್, ಮಾರಿಸ್. 1977ರ ‘ಸ್ಯಾಟರ್ಡೇ ನೈಟ್ ಫೀವರ್’ ಚಿತ್ರದ ಹಾಡುಗಳಿಂದ ಜಗತ್ತನ್ನೇ ಕುಣಿಸಿದವರು. ಎರಡೇ ವರ್ಷದಲ್ಲಿ ಅಮೆರಿಕದಲ್ಲಿ ಡಿಸ್ಕೋ ವಿರುದ್ಧ ದೊಡ್ಡ ಅಲೆ ಎದ್ದಿತು. 1979ರ ಜುಲೈನಲ್ಲಿ ಷಿಕಾಗೋದ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೋ ರೆಕಾರ್ಡುಗಳನ್ನು ರಾಶಿ ಹಾಕಿ ಸಿಡಿಸಿದರು. ರೇಡಿಯೋದವರು ಬೀ ಜೀಸ್ ಹೆಸರು ಕಂಡರೆ ರೆಕಾರ್ಡನ್ನು ಪಕ್ಕಕ್ಕಿಡುವ ಕಾಲ ಬಂತು. 1981ರ ಅವರ ಆಲ್ಬಂ ಅಮೆರಿಕದಲ್ಲಿ ಓಡಲಿಲ್ಲ. ಆದರೆ ಅವರೊಳಗೆ ಹಾಡು ಬತ್ತಿರಲಿಲ್ಲ. 1980ರಲ್ಲಿ ಗಾಯಕಿ ಬಾರ್ಬ್ರಾ ಸ್ಟ್ರೈಸಂಡ್ ಅವರಿಗೆ ಒಂದು ಪೂರ್ತಿ ಆಲ್ಬಂ ಕೊಟ್ಟು ಗೆದ್ದಿದ್ದರು. ಕ್ಲೈವ್ ಡೇವಿಸ್ ಕಣ್ಣು ಅಲ್ಲಿಗೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ. ಹಾಡು ಸಿಗದ ಗಾಯಕಿ, ತಮ್ಮ ಹೆಸರಲ್ಲಿ ಹಾಡಲಾಗದ ಹಾಡುಗಾರರು. ಈ ಒಪ್ಪಂದದಲ್ಲಿ ಯಾರು ಯಾರನ್ನು ಎತ್ತಿದರು ಎಂಬ ಪ್ರಶ್ನೆಗೆ, ಇಬ್ಬರೂ ಎಂಬುದೇ ನನ್ನ ಉತ್ತರ. ಹಳೆಯ ಗಾಯಕಿಗೆ ಹೊಸ ಹುಡುಗರು ಜೀವದಾನ ಮಾಡಿದರು ಎಂಬ ಧಾಟಿಯ ಬರಹ ಓದಿದಾಗ ನನಗೆ ಕೋಪವೇ ಬರುತ್ತದೆ.

ಈಗ ಹಾಡಿಗೆ ಬರುತ್ತೇನೆ. ಬ್ಯಾರಿ ಗಿಬ್ ಬೇರೆಯವರಿಗೆ ಹಾಡು ಕಟ್ಟುವಾಗ ಟ್ರ್ಯಾಕನ್ನು ತಾವೇ ಹಾಡುತ್ತಿದ್ದರು, ಗಾಯಕಿಯ ಸ್ಕೇಲಿನಲ್ಲೇ, ತಮ್ಮ ಹೆಸರುವಾಸಿ ಕಳ್ಳದನಿಯಲ್ಲಿ (ಫಾಲ್ಸೆಟ್ಟೊ, ಗಂಡಸು ಹೆಣ್ಣುದನಿಯಷ್ಟು ಎತ್ತರದಲ್ಲಿ ಹಾಡುವ ಸಣ್ಣ ದನಿ). ಡಿಯಾನ್ ಆಲ್ಬಮ್ಮಿಗಾಗಿ ಹಾಡಿಟ್ಟಿದ್ದ ಆ ಡೆಮೋಗಳು ಎಷ್ಟೋ ವರ್ಷಗಳ ನಂತರ, 2006ರಲ್ಲಿ, ಕೇಳುಗರಿಗೂ ಸಿಕ್ಕವು. ಅವನ್ನು ಕೇಳಿದಾಗ ನನಗಾದ ರೋಮಾಂಚನವನ್ನು ಟ್ರ್ಯಾಕ್ ಹಾಡಿದವರೇ ಬಲ್ಲರು. ನಾವು ಹಾಡಿದ್ದು ಅಳಿಸಿಹೋಗುತ್ತದೆ, ಇಲ್ಲಿ ಟ್ರ್ಯಾಕೂ ಉಳಿದಿದೆ, ಹಾಡೂ ಉಳಿದಿದೆ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಕೇಳಿದರೆ ಡಿಯಾನ್ ಏನು ತೆಗೆದುಕೊಂಡರು, ಏನು ಬಿಟ್ಟರು ಎಂಬುದು ಕನ್ನಡಿಯಲ್ಲಿ ಕಂಡಷ್ಟು ಸ್ಪಷ್ಟ.

ಬ್ಯಾರಿ ಪ್ರತಿ ಸಾಲಿನ ಕೊನೆಯನ್ನೂ ನಡುಗಿಸುತ್ತಾರೆ. ಗಾಳಿ ಬೆರೆತ ದನಿ, ಸಾಲು ಮುಗಿಯುವ ಮುಂಚೆಯೇ ಅಳುವಿಗೆ ಹತ್ತಿರ. ಡಿಯಾನ್ ಆ ನಡುಕವನ್ನು ಪೂರ್ತಿ ಬಿಟ್ಟರು. ಚರಣದ ಸಾಲುಗಳನ್ನು ಅವರು ಹೆಚ್ಚುಕಡಿಮೆ ಮಾತಿನ ಹಾಗೆ, ಕೆಳದನಿಯಲ್ಲಿ, ಅಕ್ಷರ ಬಿಡಿಸಿ ಹೇಳುತ್ತಾರೆ. ಹಾರ್ಟ್‌ಫರ್ಡಿನ ಸಂಗೀತ ಕಾಲೇಜಿನಲ್ಲಿ ಓದಿದವರು, ಉಚ್ಚಾರದಲ್ಲಿ ಒಂದು ಕೊಳೆಯೂ ಇಲ್ಲ. ಎದುರಿಗಿರುವವನ ಮೇಲೆ ದೂರು ಹೇಳುತ್ತಿದ್ದರೂ ಮರ್ಯಾದೆ ಬಿಡದ ಹೆಂಗಸಿನ ದನಿ ಅದು. ಅಲ್ಲಿಂದ ಒಂದೊಂದೇ ಮೆಟ್ಟಿಲಾಗಿ ಹಾಡು ಏರಿ, ಪಲ್ಲವಿಯ ಮೊದಲ ಅಕ್ಷರಕ್ಕೆ ಬಂದಾಗ ಎದೆಯ ದನಿ ಒಮ್ಮೆಲೇ ತೆರೆದುಕೊಳ್ಳುತ್ತದೆ. ಅದರ ಬೆನ್ನಿಗೆ ಬ್ಯಾರಿಯ ಕಳ್ಳದನಿ ಹಾರ್ಮನಿಯಾಗಿ ಬಂದು ಕೂರುತ್ತದೆ. ಅಂದರೆ ಮೇಲಿನ ಎತ್ತರವನ್ನು ಗಂಡಸಿಗೆ ಬಿಟ್ಟು, ಆಳವನ್ನು ಹೆಂಗಸಿಗೆ ಕೊಟ್ಟಿದ್ದಾರೆ. ಆಗ ಡಿಯಾನ್ ಅವರಿಗೆ 41 ವರ್ಷ. ‘ಎನಿವನ್ ಹೂ ಹ್ಯಾಡ್ ಎ ಹಾರ್ಟ್’ ಹಾಡಿದ 22ರ ಹುಡುಗಿಯ ದನಿ ಅವರಲ್ಲಿ ಇರಲಿಲ್ಲ. ಗಿಬ್ ಸೋದರರು ಅದನ್ನು ಕೇಳಲೂ ಇಲ್ಲ. ಇದ್ದ ದನಿಗೇ ಹಾದಿ ಮಾಡಿದರು. ನನ್ನ ಪ್ರಕಾರ ಆ ಹಾಡು ಗೆದ್ದದ್ದು ಇದರಿಂದ.

ಡಿಯಾನ್ ಅವರಿಗೆ ಮಾತ್ರ ಹಾಡು ಮೊದಲಿಗೆ ಅಷ್ಟೇನೂ ಹಿಡಿಸಿರಲಿಲ್ಲ. ಬೀ ಜೀಸ್ ಮೇಲಿನ ವಿಶ್ವಾಸದಿಂದ ಹಾಡಿದೆ ಎಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಅತ್ತ ಮಾರಿಸ್ ಗಿಬ್, ಈ ಹಾಡನ್ನು ನಾವೇ ಇಟ್ಟುಕೊಳ್ಳಬೇಕಿತ್ತು ಎಂದು ಬರೆದಾದ ಮೇಲೆ ಸಂಕಟಪಟ್ಟರಂತೆ. ಮನಸ್ಸಿಗೆ ಹತ್ತದ ಹಾಡನ್ನು ಬರೆದವರ ಕಿವಿಯ ಮೇಲೆ ಭರವಸೆ ಇಟ್ಟು ಹಾಡುವುದು ಹೆಸರು ಮಾಡಿದವರಿಗೆ ಸುಲಭವಲ್ಲ. ಇಪ್ಪತ್ತು ವರ್ಷದ ಹೆಸರಿದ್ದವರು, ‘ನನಗೆ ಒಗ್ಗಲ್ಲ’ ಎಂದು ಎದ್ದು ಹೋಗಬಹುದಿತ್ತು. ಸ್ಟುಡಿಯೋಗಳಲ್ಲಿ ಹಾಗೆ ಎದ್ದು ಹೋದವರನ್ನು ನಾನು ಕಂಡಿದ್ದೇನೆ.

ಉಸಿರಿನ ಜಾಗಗಳನ್ನು ಗುರುತು ಹಾಕಿಕೊಂಡು ಅಭ್ಯಾಸಕ್ಕೆ ಹೋದೆ. ನಿರ್ದೇಶಕಿ ನನ್ನ ಕಾಗದ ನೋಡಿ ತಲೆಯಾಡಿಸಿ, “ಸರಿ, ಈಗ ಹಾಡಿ,” ಎಂದರು. ಎರಡು ಸಾಲು ಆಗುವಷ್ಟರಲ್ಲಿ ಕೈ ಎತ್ತಿದರು.

“ಚೆನ್ನಾಗಿದೆ. ಆದರೆ ನೀವು ಸ್ವರದಿಂದ ಸ್ವರಕ್ಕೆ ಜಾರುತ್ತಿದ್ದೀರಿ.”

ನಾವು ಜಾರುವವರೇ. ಗಮಕ ಇಲ್ಲದೆ ನಮಗೆ ಸಂಗೀತವಿಲ್ಲ. ಷಡ್ಜದಿಂದ ಗಾಂಧಾರಕ್ಕೆ ಹೋಗಬೇಕಾದರೆ ರಿಷಭವನ್ನು ಸವರಿಯೇ ಹೋಗುವುದು ನಮ್ಮ ಕಂಠಕ್ಕೆ ಚಿಕ್ಕಂದಿನಿಂದ ಬಂದ ನಡಿಗೆ. ಹಾಗೆಂದು ಹೇಳಿದೆ. ಅವರು ನಗದೆ, ಗಂಭೀರವಾಗಿ, “ಅದನ್ನು ಬಿಡಿ ಅಂತ ನಾನು ಹೇಳಲ್ಲ. ಡಿಯಾನ್ ಕೂಡ ಚರ್ಚಿನಿಂದ ಬಂದವರು, ಬೇಕಾದಷ್ಟು ಜಾರಿಸಬಲ್ಲರು. ಎಲ್ಲಿ ಜಾರಿಸಿದ್ದಾರೆ, ಎಲ್ಲಿ ತಡೆದುಕೊಂಡಿದ್ದಾರೆ ನೋಡಿ,” ಎಂದರು.

ಮನೆಗೆ ಬಂದು ಮತ್ತೆ ಕೇಳಿದೆ. ಚರಣದಲ್ಲಿ ಅವರು ಒಂದು ಕಡೆಯೂ ಜಾರುವುದಿಲ್ಲ. ಸ್ವರದ ನಡುನೆತ್ತಿಗೆ ನೇರ ಬೀಳುತ್ತಾರೆ. ಪಲ್ಲವಿ ಎರಡನೇ ಸಲ, ಮೂರನೇ ಸಲ ಬಂದಾಗ ಮಾತ್ರ ಸಾಲಿನ ತುದಿಯಲ್ಲಿ ಸಣ್ಣದೊಂದು ಬಾಗು. ತಡೆದಿಟ್ಟದ್ದರಿಂದಲೇ ಆ ಬಾಗಿಗೆ ಬೆಲೆ. ಇದು ಸಿಕ್ಕಿದ ಮೇಲೆ ನನ್ನ ಅಭ್ಯಾಸದ ರೀತಿಯೇ ಬದಲಾಯಿತು. ಬೆಳಿಗ್ಗೆ ತಂಬೂರಿ ಆ್ಯಪ್ ಹಾಕಿಕೊಂಡು ಚರಣದ ಸಾಲುಗಳನ್ನು ಸರಳೆ ವರಸೆಯ ಹಾಗೆ ಬರೀ ಸ್ವರಗಳಲ್ಲಿ, ಸ್ವಲ್ಪವೂ ಅಲುಗಿಸದೆ ಹಾಡುತ್ತಿದ್ದೆ. ಮಗಳು ಕಾಲೇಜಿನಿಂದ ಬಂದವಳು ಬಾಗಿಲಲ್ಲಿ ನಿಂತು, “ಅಮ್ಮಾ, ಇದು ಯಾವ ರಾಗ?” ಎಂದಳು. ಗಿಬ್ ಸೋದರರದು ಎಂದೆ. ಅವಳು ಕೂತು ಪೂರ್ತಿ ಕೇಳಿದಳು.

ಎರಡನೆಯ ತೊಡಕು ಕಾಲದ್ದು. ತಾಳ ನೇರವಾಗಿ ನಾಲ್ಕರ ಎಣಿಕೆ, ಅದರಲ್ಲಿ ತಂಟೆಯಿಲ್ಲ. ತಂಟೆ ಇರುವುದು ಎಡುಪಿನಲ್ಲಿ, ಅಂದರೆ ಸಾಲು ಎತ್ತುವ ಜಾಗದಲ್ಲಿ. ಡಿಯಾನ್ ಸಾಲನ್ನು ಪೆಟ್ಟಿನ ಮೇಲೆ ಎತ್ತುವುದಿಲ್ಲ, ಕೂದಲೆಳೆಯಷ್ಟು ಹಿಂದೆ ಬಿಟ್ಟು ಎತ್ತುತ್ತಾರೆ. ಮುಂದಿನ ಸಾಲಿಗೆ ಮುಂಚೆ ಆ ಬಾಕಿಯನ್ನು ತೀರಿಸಿಬಿಡುತ್ತಾರೆ. ಮೃದಂಗದವರ ಜೊತೆ ಅತೀತ, ಅನಾಗತ ಎಂದು ಪೆಟ್ಟಿಗೆ ಮುಂಚೆ, ಆಮೇಲೆ ಎತ್ತುವ ಲೆಕ್ಕ ಹಾಕಿ ಹಾಡಿದವರಿಗೆ ಇದು ಅರ್ಥವಾಗುತ್ತದೆ, ಆದರೆ ಇಲ್ಲಿ ಲೆಕ್ಕವಿಲ್ಲ, ಆಡುಮಾತಿನ ಲಯ. ಬೆಂಗಳೂರಿನಲ್ಲಿ ನನ್ನ ಜೊತೆ ಕೀಬೋರ್ಡ್ ನುಡಿಸುತ್ತಿದ್ದ ಹುಡುಗನಿಗೆ ಫೋನ್ ಮಾಡಿದೆ. ಈಗ ಅವನೂ ದೊಡ್ಡವನಾಗಿದ್ದಾನೆ, ಸ್ವಂತವಾಗಿ ಸಂಗೀತ ಸಂಯೋಜನೆ ಮಾಡುತ್ತಾನೆ.

“ಅಕ್ಕಾ, ಕ್ಲಿಕ್ ಟ್ರ್ಯಾಕ್ ಹಾಕ್ಕೊಂಡು ಹಾಡ್ತಿದ್ದೀರಾ?” ಎಂದ. ತಾಳದ ಪೆಟ್ಟನ್ನು ಕಿವಿಯಲ್ಲಿ ಟಿಕ್ ಟಿಕ್ ಎಂದು ಎಣಿಸುವುದು ಅದು.

“ಹೂಂ ಕಣೋ, ಇನ್ನೇನು ಮಾಡ್ಲಿ?”

“ಅದನ್ನ ಆಫ್ ಮಾಡಿ. ಸಾಹಿತ್ಯ ಮೊದಲು ಓದಿ, ಯಾರನ್ನೋ ಬೈಯೋ ಥರ. ಎಲ್ಲಿ ತಡೀತೀರೋ ಅಲ್ಲೇ ಅವರೂ ತಡೆದಿರ್ತಾರೆ.”

ಹಾಗೇ ಮಾಡಿದೆ. ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತ ಆ ಸಾಲುಗಳನ್ನು ಮಾತಾಗಿ ಹೇಳಿಕೊಂಡೆ. ಇಂಗ್ಲಿಷಿನಲ್ಲಿ ನಾನು ಯಾರ ಜೊತೆಗೂ ಜಗಳವಾಡಿದವಳಲ್ಲ, ಅದಕ್ಕೇ ಮೊದಮೊದಲು ನಾಲಿಗೆ ತಿರುಗಲಿಲ್ಲ. ಬರಬರುತ್ತ ಒಂದು ಸಂಗತಿ ತಿಳಿಯಿತು: ದೂರು ಹೇಳುವವರು ಪ್ರಶ್ನೆಯ ಮೊದಲ ಪದವನ್ನು ಎಳೆಯುತ್ತಾರೆ, ಉಳಿದದ್ದನ್ನು ಬೇಗ ಮುಗಿಸುತ್ತಾರೆ. ಪಲ್ಲವಿ ಇರುವುದೂ ಹಾಗೆಯೇ. ಇನ್ನು ಹಾಡಿನ ಹೆಸರಾದ ಆ ಪದ. ‘ಹಾರ್ಟ್’ ಮುಗಿಯುವ ಕಡೆ ಟಕಾರ, ಅದಕ್ಕೇ ಅಂಟಿಕೊಂಡು ಬಕಾರ ರಕಾರ. ನಮ್ಮ ನಾಲಿಗೆ ಮೂರನ್ನೂ ಗಟ್ಟಿಯಾಗಿ ಒತ್ತುತ್ತದೆ. ಒತ್ತಿದರೆ ರಾಗ ಅಲ್ಲಿ ಮುರಿಯುತ್ತದೆ. ಡಿಯಾನ್ ಟಕಾರವನ್ನು ನಾಲಿಗೆ ತುದಿಯಲ್ಲಿ ಮುಟ್ಟಿಸಿ ನುಂಗಿಬಿಡುತ್ತಾರೆ, ಉಸಿರು ಹರಿಯುತ್ತಲೇ ಇರುತ್ತದೆ. ಈ ಒಂದು ಪದಕ್ಕೆ ನಾನು ಪಟ್ಟ ಶ್ರಮ ಉಳಿದ ಇಡೀ ಹಾಡಿಗೆ ಪಟ್ಟಿದ್ದಕ್ಕಿಂತ ಹೆಚ್ಚು.

ಅದೇ ಹೊತ್ತಿನಲ್ಲಿ ತಂಡದ ಇತರರು ಬ್ಯಾಕರ್ಯಾಕ್ ಹಾಡುಗಳ ಜೊತೆ ಗುದ್ದಾಡುತ್ತಿದ್ದರು. ಅವುಗಳ ಹಾರ್ಮನಿಯಲ್ಲಿ ನಾನೂ ಇದ್ದೆ. ‘ಐ ಸೇ ಎ ಲಿಟಲ್ ಪ್ರೇಯರ್’ ಪಲ್ಲವಿಗೆ ಎಲ್ಲರೂ ನಾಲ್ಕು ಎಣಿಸಿಕೊಂಡು ಬಂದು ಎಡವುತ್ತಿದ್ದರು. ಅದು ನಾಲ್ಕು, ಮೂರು, ನಾಲ್ಕು, ಒಟ್ಟು ಹನ್ನೊಂದರ ಎಣಿಕೆ. ನಾನು ತೊಡೆಯ ಮೇಲೆ ತಾಳ ಹಾಕಿ ತೋರಿಸಿದೆ, ಚತುರಶ್ರ, ತಿಶ್ರ, ಚತುರಶ್ರ ಎಂದು ವಿಂಗಡಿಸಿ. ನಿರ್ದೇಶಕಿ ಎಲ್ಲರಿಗೂ ಹಾಗೇ ತೊಡೆ ತಟ್ಟಿಸಿದರು. ‘ಎನಿವನ್ ಹೂ ಹ್ಯಾಡ್ ಎ ಹಾರ್ಟ್’ ಇನ್ನೂ ಬಿಗಿ, ನಾಲ್ಕರಿಂದ ಐದಕ್ಕೆ, ಏಳಕ್ಕೆ ಹಾರುತ್ತದೆ. 1963ರಲ್ಲಿ ಒಬ್ಬ ಯುವತಿ ಇದನ್ನು ಉಸಿರು ಕಟ್ಟದೆ ಹಾಡಿದ್ದಾರೆಂದರೆ ಆ ವಿದ್ವತ್ತಿಗೆ ಕೈ ಮುಗಿಯಬೇಕು. ರಚನೆಯಾಗಿ ನೋಡಿದರೆ ‘ಹಾರ್ಟ್‌ಬ್ರೇಕರ್’ ಅವಕ್ಕೆ ಸಮವಲ್ಲ, ನಾನೂ ಒಪ್ಪುತ್ತೇನೆ. ಆದರೆ ಬ್ಯಾಕರ್ಯಾಕ್ ತನ್ನ ರಾಗದ ಎತ್ತರಕ್ಕೆ ಗಾಯಕಿ ಬರಬೇಕೆಂದು ಕಾಯುತ್ತಾರೆ. ಗಿಬ್ ಸೋದರರು ಗಾಯಕಿ ನಿಂತ ಕಡೆಗೆ ರಾಗವನ್ನು ತರುತ್ತಾರೆ. ವಯಸ್ಸಾದ ಕಂಠದ ಮಟ್ಟಿಗೆ ಎರಡನೆಯದೇ ದೊಡ್ಡ ಉಪಕಾರ.

ಉಪಕಾರದ ಫಲವೂ ಬೇಗ ಕಂಡಿತು. ಆ ಹಾಡು ಅಮೆರಿಕದ ಪಟ್ಟಿಯಲ್ಲಿ 10ನೇ ಸ್ಥಾನ, ಬ್ರಿಟನ್ನಿನಲ್ಲಿ 2ನೇ ಸ್ಥಾನ ಮುಟ್ಟಿತು. ಅದೇ ಆಲ್ಬಮ್ಮಿನ ‘ಆಲ್ ದ ಲವ್ ಇನ್ ದ ವರ್ಲ್ಡ್’ ಕೂಡ ಬ್ರಿಟನ್ನಿನಲ್ಲಿ ಮೊದಲ ಹತ್ತರೊಳಗೆ ಬಂತು. ಗಿಬ್ ಸೋದರರ ಕೈಗೆ ಕೆಲಸ ಹೆಚ್ಚಿತು: 1983ರಲ್ಲಿ ಕೆನ್ನಿ ರಾಜರ್ಸ್, ಡಾಲಿ ಪಾರ್ಟನ್ ಜೋಡಿಗೆ, ಆಮೇಲೆ ಡಯಾನಾ ರಾಸ್‌ಗೆ. 1987ರಲ್ಲಿ ಪೆಟ್ ಶಾಪ್ ಬಾಯ್ಸ್ ಜೋಡಿ 60ರ ದಶಕದ ಡಸ್ಟಿ ಸ್ಪ್ರಿಂಗ್‌ಫೀಲ್ಡ್ ಅವರನ್ನು ಕರೆದು ಹಾಡಿಸಿದಾಗಲೂ ಇಂಥದೇ ಮರುಹುಟ್ಟು ಆಯಿತು. ಅದರ ಕಥೆ ಇನ್ನೊಮ್ಮೆ ಬರೆಯುವಷ್ಟಿದೆ.

ನಮ್ಮ ತಂಡಕ್ಕೆ ಉಳಿದ ಸಮಸ್ಯೆ ಬ್ಯಾರಿಯ ದನಿಯದು. ಪಲ್ಲವಿಯ ಬೆನ್ನಿಗೆ ಆ ಕಳ್ಳದನಿ ಬೇಕೇಬೇಕು. ಮೇಲ್ದನಿಯ ಸೊಪ್ರಾನೊ ಹೆಂಗಸರಿಂದ ಹಾಡಿಸಿ ನೋಡಿದೆವು, ಸ್ವರ ಸರಿಯಿತ್ತು, ಬಣ್ಣ ಸರಿಯಿರಲಿಲ್ಲ. ಹೆಂಗಸು ಹೇಳುವ ದೂರಿನ ಜೊತೆ ಇನ್ನಿಬ್ಬರು ಹೆಂಗಸರು ಸೇರಿದರೆ ಅದು ಸಖಿಯರ ಸಾಂತ್ವನವಾಗುತ್ತದೆ. ಗಂಡಸಿನ ಕಳ್ಳದನಿ ಸೇರಿದರೆ, ಅಪರಾಧ ಮಾಡಿದವನೇ ಒಳಗೊಳಗೆ ಅಳುತ್ತಿರುವಂತೆ ಕೇಳುತ್ತದೆ. ಕೊನೆಗೆ ಗಂಡಸರ ಟೆನರ್ ಸಾಲಿನಲ್ಲಿ ಹಿಂದೆ ಕೂರುತ್ತಿದ್ದ ನಿವೃತ್ತ ಬಸ್ ಚಾಲಕರೊಬ್ಬರು, “ನಾನು ಪ್ರಯತ್ನ ಮಾಡಲಾ?” ಎಂದು ಎದ್ದು ನಿಂತರು. ಎತ್ತರದ ಮೈಕಟ್ಟು, ಮಾತಾಡಿದರೆ ಗುಡುಗು. ಅವರ ಬಾಯಿಂದ ನೂಲಿನಷ್ಟು ಸಣ್ಣ ದನಿ ಹೊರಟು ನನ್ನ ಸ್ವರದ ಮೇಲೆ ಬಂದು ನಿಂತಾಗ ಕೋಣೆಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಹುಡುಗನಾಗಿದ್ದಾಗ ಚರ್ಚಿನಲ್ಲಿ ಹಾಗೆ ಹಾಡುತ್ತಿದ್ದರಂತೆ.

ಸ್ಕೇಲಿನ ಬಗ್ಗೆಯೂ ಒಂದು ಚರ್ಚೆ ಆಯಿತು. ಪಿಯಾನೋದವರು ಮೂಲದ ಸ್ಕೇಲಿನಲ್ಲೇ ಇರಲಿ ಎಂದರು. ನಾನು ಅರ್ಧ ಮನೆ ಇಳಿಸಿ ಎಂದು ಕೇಳಿದೆ. ಇಳಿಸಿದರೆ ಹಾಡಿನ ಹೊಳಪು ಹೋಗುತ್ತದೆ ಎಂಬುದು ಅವರ ವಾದ. ನಿರ್ದೇಶಕಿ ಎರಡರಲ್ಲೂ ಹಾಡಿಸಿ ಕೇಳಿ, “ಈ ಹಾಡಿನ ಧರ್ಮವೇ ಹಾಡುವವರ ದನಿಗೆ ಬಗ್ಗುವುದು,” ಎಂದು ಇಳಿಸಿದರು. ಅದರಿಂದ ಚರಣದ ಕೆಳಗಿನ ಸ್ವರಗಳು ನನ್ನ ಎದೆಯಲ್ಲಿ ಬಂದು ಕೂತವು. ಯಾವುದನ್ನು ನನ್ನ ಕಂಠದ ಇಳಿಗಾಲ ಎಂದುಕೊಂಡಿದ್ದೆನೋ ಅಲ್ಲಿಂದಲೇ ಹಾಡು ಹೊರಡುತ್ತಿತ್ತು.

ಕಾರ್ಯಕ್ರಮದ ದಿನ ಸಭಾಂಗಣದಲ್ಲಿ ನಮ್ಮ ಕನ್ನಡದ ಮನೆಗಳವರೂ ಇದ್ದರು, ಈಸ್ಟ್ ಆರೆಂಜಿನ ಹಿರಿಯರೂ ಇದ್ದರು. ಮೊದಲ ಚರಣದಲ್ಲಿ ನನ್ನ ಕಾಲು ನಡುಗುತ್ತಿದ್ದದ್ದು ನಿಜ, ಕಂಠ ನಡುಗಲಿಲ್ಲ. ಪಲ್ಲವಿಗೆ ಬರುವ ಏರಿನಲ್ಲಿ ಉಸಿರಿನ ಜಾಗ ತಪ್ಪಲಿಲ್ಲ. ಟಕಾರ ನುಂಗಿದೆ. ಎರಡನೇ ಪಲ್ಲವಿಯ ಕೊನೆಯಲ್ಲಿ ಡಿಯಾನ್ ಮಾಡುವ ಬಾಗನ್ನು ಬಿಟ್ಟು ನನ್ನದೇ ಒಂದು ಸಣ್ಣ ಗಮಕ ಹಾಕಿದೆ. ಅಭ್ಯಾಸದಲ್ಲಿ ಹಾಕಿರಲಿಲ್ಲ, ಅಲ್ಲೇ ಬಂತು. ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಅಜ್ಜಿ ಜೋರಾಗಿ “ಹೂಂ, ಹೇಳು!” ಎಂಬಂತೆ ಕೂಗಿ ಕೈ ಎತ್ತಿದರು. ಚರ್ಚಿನವರು ಮೆಚ್ಚುಗೆ ತೋರಿಸುವ ರೀತಿ ಅದು, ನಮ್ಮ ಕಚೇರಿಗಳ ‘ಭಲೆ’ ಹಾಗೆ. ಬಸ್ ಚಾಲಕರ ದನಿ ಅದರ ಮೇಲೆ ತೇಲಿ ಬಂತು.

ಕೊನೆಯ ಹಾಡು ಎಲ್ಲರೂ ಸೇರಿ ಹಾಡುವ ‘ದಟ್ಸ್ ವಾಟ್ ಫ್ರೆಂಡ್ಸ್ ಆರ್ ಫಾರ್’. ಬ್ಯಾಕರ್ಯಾಕ್ ಮತ್ತು ಕ್ಯಾರಲ್ ಬೇಯರ್ ಸೇಗರ್ ಬರೆದದ್ದು. ಮೊದಲು ರಾಡ್ ಸ್ಟುವರ್ಟ್ 1982ರಲ್ಲಿ ಒಂದು ಸಿನಿಮಾಗಾಗಿ ಹಾಡಿದ್ದರು, ಯಾರೂ ಹೆಚ್ಚು ಗಮನಿಸಲಿಲ್ಲ. 1985ರಲ್ಲಿ ಡಿಯಾನ್, ಎಲ್ಟನ್ ಜಾನ್, ಗ್ಲಾಡಿಸ್ ನೈಟ್, ಸ್ಟೀವಿ ವಂಡರ್ ನಾಲ್ವರೂ ಸೇರಿ ಹಾಡಿದರು. ಏಡ್ಸ್ ಹೆಸರೆತ್ತಲೂ ಜನ ಅಂಜುತ್ತಿದ್ದ ಕಾಲದಲ್ಲಿ ಅದರ ಹಣವನ್ನೆಲ್ಲ ಏಡ್ಸ್ ಸಂಶೋಧನೆಗೆ ಕೊಟ್ಟರು. 1986ರ ಆರಂಭದಲ್ಲಿ ಅದು ನಾಲ್ಕು ವಾರ ಅಮೆರಿಕದ ಮೊದಲ ಸ್ಥಾನದಲ್ಲಿತ್ತು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು, ಕೋರ್ಟಿಗೆ ಹೋಗಿ ಮಾತು ಬಿಟ್ಟಿದ್ದ ಗಾಯಕಿ ಮತ್ತು ಸಂಯೋಜಕ ವರ್ಷಗಳ ನಂತರ ಮತ್ತೆ ಒಂದು ಪಿಯಾನೋ ಬಳಿ ಬಂದರೆಂಬುದು. ‘ಹಾರ್ಟ್‌ಬ್ರೇಕರ್’ ಗೆದ್ದಿರದಿದ್ದರೆ ಡಿಯಾನ್ ಆ ಹೊತ್ತಿಗೆ ಮತ್ತೆ ಅಷ್ಟು ಎತ್ತರದಲ್ಲಿ ನಿಂತಿರುತ್ತಿದ್ದರೆ? ಇಲ್ಲವೆಂದೇ ನನ್ನ ಅನಿಸಿಕೆ. 2024ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡಿತು, ಎಂಬತ್ಮೂರರ ವಯಸ್ಸಿನಲ್ಲಿ. ತಡವಾಯಿತು.

ಕಾರ್ಯಕ್ರಮದ ವಿಡಿಯೋವನ್ನು ಬೆಂಗಳೂರಿನ ಕೀಬೋರ್ಡ್ ಹುಡುಗನಿಗೆ ಕಳಿಸಿದ್ದೆ. ರಾತ್ರೋರಾತ್ರಿ ಫೋನ್ ಮಾಡಿದ. “ಅಕ್ಕಾ, ನಿಮ್ಮ ಕೆಳಗಿನ ದನಿ ಇಷ್ಟು ಚೆನ್ನಾಗಿದೆ ಅಂತ ಯಾಕೆ ಹೇಳ್ಲಿಲ್ಲ? ನಾನು ಇಷ್ಟು ದಿನ ನಿಮಗೆ ಬರೀ ಮೇಲಿನ ಹಾಡೇ ಕಳಿಸ್ತಿದ್ದೆ,” ಎಂದ. ಹಾಗಿದ್ದರೆ ಈ ದನಿಗೆ ಒಂದು ಕಟ್ಟಿಕೊಡು, ಎರಡು ಸಾಲಾದರೂ ಸರಿ, ಎಂದೆ. ಈಗ ಒಂದು ಭಾವಗೀತೆಗೆ ರಾಗ ಹಾಕಿ ಕಳಿಸಿದ್ದಾನೆ, ಟ್ರ್ಯಾಕನ್ನು ತಾನೇ ಹಾಡಿದ್ದಾನೆ. ಪಲ್ಲವಿ ಮಂದ್ರ ಪಂಚಮದಿಂದ ಏಳುತ್ತದೆ, ಬಹಳ ಚೆನ್ನಾಗಿ ಬಂದಿದೆ. ಎರಡನೇ ಚರಣದಲ್ಲಿ ಮಾತ್ರ ಹಳೆಯ ಅಭ್ಯಾಸದಂತೆ ತಾರಸ್ಥಾಯಿಗೆ ಹೋಗಿಬಿಟ್ಟಿದ್ದಾನೆ. ಅಲ್ಲಿ ಕೊಳಲಿಗೆ ಬಿಡು, ನಾನು ಕೆಳಗೇ ಇರುತ್ತೇನೆ ಎಂದು ಹೇಳಿ ಕಳಿಸಿದ್ದೇನೆ. ಅವನು ಇನ್ನೂ ಒಪ್ಪಿಲ್ಲ. ಭಾನುವಾರ ಮತ್ತೆ ಮಾತಾಡಬೇಕು.